ಸಹಾಯ ಬೇಕು: ಕುತ್ತಿಗೆ ಮಟನ್, ಕಾಲು ಸಣ್ಣ ಉರಿಯಲ್ಲಿ ಬೇಯಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು, ಮನೆಯಲ್ಲಿ ಆರು ಜನ. ಪ್ರತಿ ವಾರ ತೊಡೆ ಮಾಂಸ ತರಲು ಆಗುವುದಿಲ್ಲ. ಅದಕ್ಕೆ ಕುತ್ತಿಗೆ, ಎದೆ ಮೂಳೆ, ಕಾಲು ತರುತ್ತೇನೆ.

ನಮ್ಮಜ್ಜಿ ಸೌದೆ ಒಲೆಯ ಮೇಲೆ ಒಂದೇ ಮಡಕೆಯಲ್ಲಿ ಮಾಂಸ, ಈರುಳ್ಳಿ, ಅವರೆಕಾಳು ಎಲ್ಲ ಹಾಕಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೇಯಿಸುತ್ತಿದ್ದರು. ರಸ ಬೆರಳಿಗೆ ಅಂಟುತ್ತಿತ್ತು. ಬಿಸಿ ಮುದ್ದೆ ಜೊತೆ ಆ ರುಚಿ ಈಗಲೂ ನೆನಪಿದೆ. ಕುಕ್ಕರಿನಲ್ಲಿ ಅದು ಬರುವುದಿಲ್ಲ.

ಕಳೆದ ಭಾನುವಾರ ದಪ್ಪ ತಳದ ಪಾತ್ರೆಯಲ್ಲಿ 2 ಗಂಟೆ ಗ್ಯಾಸ್ ಮೇಲೆ ಇಟ್ಟೆ. ಮಾಂಸ ರಬ್ಬರಿನಂತೆ ಆಯಿತು, ಕಾಳೂ ಗಟ್ಟಿಯಾಗೇ ಉಳಿಯಿತು. ಟೊಮೆಟೊ ಮೊದಲೇ ಹಾಕಿದ್ದೆ. ಹುಳಿ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ, ಆ ತಪ್ಪು ಗೊತ್ತಾಯಿತು. ಮಾಂಸದ ವಿಷಯವೇ ಅರ್ಥವಾಗುತ್ತಿಲ್ಲ. ಸಾರು ಇಡೀ ಹೊತ್ತು ಕೊತಕೊತ ಕುದಿಯುತ್ತಿತ್ತು. ಇಂಥ ಮಾಂಸದ ನರ, ಜವ್ವು ಕರಗಿ ರಸ ಅಂಟಾಗಲು ಸಣ್ಣ ಉರಿ, ಜಾಸ್ತಿ ಹೊತ್ತು ಎರಡೂ ಬೇಕು ಅಲ್ವಾ?

ಉರಿ ತಗ್ಗಿಸಲು ಪಾತ್ರೆಯ ಕೆಳಗೆ ಹಳೇ ಕಾವಲಿ ಇಡಬಹುದಾ? ಮಣ್ಣಿನ ಮಡಕೆಯನ್ನೇ ಗ್ಯಾಸ್ ಮೇಲೆ ಇಟ್ಟವರು ಇದ್ದೀರಾ, ಬಿರುಕು ಬಿಡದ ಹಾಗೆ ಹೇಗೆ ನೋಡಿಕೊಂಡಿರಿ? ಕಾಲು, ಕುತ್ತಿಗೆ ಒಟ್ಟಿಗೇ ಹಾಕಬೇಕಾ, ಕಾಲು ಮೊದಲು ಬೇಯಬೇಕಾ?

ಈ ಭಾನುವಾರ ಅಮ್ಮನಿಗೆ ಅದೇ ರುಚಿಯ ಸಾರು ಬಡಿಸಬೇಕು ಅಂತ ತುಂಬಾ ಆಸೆ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.