‘ತಾವರೆ’, ‘ನೈದಿಲೆ’, ‘ಆಂಬಲ್’: ಕೊಳದ ಗಿಡಗಳಿಗೆ ಯಾವ ಹೆಸರು?

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ನಮ್ಮೂರಿನ ಕನ್ನಡ ಶಾಲೆಯ ಅಂಗಳದಲ್ಲಿ ಮಕ್ಕಳಿಗಾಗಿ ಸಣ್ಣದೊಂದು ಕೊಳವನ್ನು ಕಟ್ಟಿಸಲಾಗಿದ್ದು, ಅದರಲ್ಲಿ ಬೆಳೆಸಬಹುದಾದ ಗಿಡಗಳ ಕುರಿತು ನಾಲ್ಕು ಪುಟಗಳ ಕೈಪಿಡಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಪುಟದಲ್ಲಿಯೇ ತೊಡಕು ಎದುರಾದುದರಿಂದ ಬಲ್ಲವರ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ಪುಸ್ತಕದ ಕನ್ನಡದಲ್ಲಿ ತಾವರೆ ಬೇರೆ, ನೈದಿಲೆ ಬೇರೆ. ನಮ್ಮ ಕಡೆಯ ಆಡುಮಾತಿನಲ್ಲಿ ಮಾತ್ರ, ನೀರಿನ ಮೇಲೆ ಎಲೆ ಹರಡಿ ದೊಡ್ಡ ಹೂ ಬಿಡುವುದೆಲ್ಲವೂ ತಾವರೆಯೇ ಆಗಿದೆ. ನೈದಿಲೆಯನ್ನು ಪದ್ಯದಲ್ಲಿ ಓದಿದವರಿದ್ದಾರೆಯೇ ಹೊರತು ಕೆರೆಯ ದಂಡೆಯಲ್ಲಿ ನಿಂತು ಆ ಹೆಸರನ್ನು ಹೇಳಿದವರನ್ನು ನಾನು ಕಂಡಿಲ್ಲ. ಮಲಯಾಳದಲ್ಲಿ ತಾವರೆಗೆ ‘ತಾಮರ’, ನೈದಿಲೆಗೆ ‘ಆಂಬಲ್’ ಎಂಬ ಭೇದ ಇಂದಿಗೂ ಬಳಕೆಯಲ್ಲಿ ಉಳಿದಿರುವುದರಿಂದ, ಗಿಡ ಮಾರುವಲ್ಲಿಗೆ ಹೋದ ಕನ್ನಡಿಗರೂ ‘ಆಂಬಲ್’ ಎಂದೇ ಕೇಳುತ್ತಾರೆ.

ಹೆಸರು ಕಲಸಿಹೋದರೆ ಗಿಡಕ್ಕೇ ಕೇಡು. ಕಳೆದ ವರ್ಷ ಪರಿಚಿತರೊಬ್ಬರಿಗೆ ‘ತಾವರೆಯನ್ನು ಒಂದಡಿ ಅಗಲದ ಕುಂಡದಲ್ಲಿ ನೆಟ್ಟು ಕೊಳದಲ್ಲಿ ಮುಳುಗಿಸಿಡಿ’ ಎಂದು ನಾನೇ ಬರೆದುಕೊಟ್ಟಿದ್ದೆ. ನನ್ನ ಮನಸ್ಸಿನಲ್ಲಿದ್ದುದು ಆಂಬಲ್. ಅವರು ತಂದು ನೆಟ್ಟುದು ನಿಜವಾದ ತಾವರೆಯ ಗೆಡ್ಡೆ. ತಾವರೆಯ ಬೇರುಕಾಂಡವು ಕೆಸರಿನಲ್ಲಿ ಅಡ್ಡಕ್ಕೆ ಓಡುವಂಥದು. ಅದಕ್ಕೆ ಬಾಯಿ ಅಗಲವಾದ, ತಳದಲ್ಲಿ ತೂತಿಲ್ಲದ, ಮೂಲೆಗಳಿಲ್ಲದ ದುಂಡು ತೊಟ್ಟಿ ಬೇಕು, ದಿನಕ್ಕೆ ಕನಿಷ್ಠ 6 ಗಂಟೆಯ ನೇರ ಬಿಸಿಲು ಬೇಕು. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಆ ಗಿಡ ಒಂದು ಹೂವನ್ನೂ ಬಿಡದೆ ಹೋದುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಎರಡನ್ನೂ ಗುರುತಿಸುವುದು ಕಷ್ಟವೇನಲ್ಲ. ತಾವರೆಯ ಎಲೆಯಲ್ಲಿ ಸೀಳಿರುವುದಿಲ್ಲ, ತೊಟ್ಟು ಎಲೆಯ ನಡುವಿಗೆ ಕೂಡಿಕೊಂಡಿರುತ್ತದೆ, ಬೆಳೆದ ಎಲೆ ನೀರಿನಿಂದ ಮೇಲಕ್ಕೆದ್ದು ನಿಲ್ಲುತ್ತದೆ, ಬಿದ್ದ ಹನಿ ಅಂಟದೆ ಉರುಳಿಹೋಗುತ್ತದೆ. ನೈದಿಲೆಯ ಎಲೆ ಅಂಚಿನಿಂದ ತೊಟ್ಟಿನವರೆಗೆ ಸೀಳಿಕೊಂಡು ನೀರಿನ ಮೇಲೆಯೇ ಒರಗಿರುತ್ತದೆ. ನೋಟಕ್ಕೆ ಅಕ್ಕತಂಗಿಯರಂತಿದ್ದರೂ ಸಸ್ಯಶಾಸ್ತ್ರವು ಇವೆರಡನ್ನು ಬೇರೆ ಬೇರೆ ಕುಟುಂಬಗಳಲ್ಲಿ ಮಾತ್ರವಲ್ಲ, ಬೇರೆ ಬೇರೆ ಗಣಗಳಲ್ಲಿಯೇ ಇರಿಸಿದೆ.

ಹಾಗಾದರೆ ‘ನೈದಿಲೆ’ ಎಂದು ಬರೆದರೆ ಸಾಕಲ್ಲವೇ ಎಂದು ಕೇಳಬಹುದು. ಅಲ್ಲಿಯೂ ಎರಡು ಅಡ್ಡಿಗಳಿವೆ. ತಾವರೆಗೆ ಸೂರ್ಯ, ನೈದಿಲೆಗೆ ಚಂದ್ರ ಎಂಬ ಕವಿಸಮಯವನ್ನು ಕಲಿತ ಮಕ್ಕಳು ನೈದಿಲೆ ರಾತ್ರಿಯೇ ಅರಳಬೇಕೆಂದು ನಿರೀಕ್ಷಿಸುತ್ತಾರೆ. ಬಿಳಿ, ಕೆಂಪು ಬಣ್ಣದ ಕೆಲವು ಜಾತಿಗಳು ಹಾಗೆ ಅರಳುವುದು ನಿಜವಾದರೂ ನೀಲಿಯ ಕನ್ನೈದಿಲೆ ಅರಳುವುದು ಹಗಲಿನಲ್ಲಿ. ಇನ್ನೊಂದು ಅಡ್ಡಿ ನಮ್ಮ ಗಡಿನಾಡಿಗೇ ವಿಶೇಷವಾದುದು: ಮಲಯಾಳದಲ್ಲಿ ‘ನೆಯ್ದಲಾಂಬಲ್’ ಎನ್ನುವುದು ನಿಂಫಾಯ್ಡಿಸ್ ಎಂಬ ಬೇರೆಯೇ ಗಿಡವನ್ನು, ಅದರ ಹೂ ಪುಟ್ಟದು, ಬಿಳಿಯದು, ಎಸಳಿನ ತುಂಬ ನವಿರಾದ ಎಳೆಗಳಿರುವಂಥದು. ನಮ್ಮ ಕೈಪಿಡಿಯನ್ನು ಹಿಡಿದು ‘ನೈದಿಲೆ’ ಎಂದು ಕೇಳಿದವರ ಕೈಗೆ ಈ ಮೂರನೆಯ ಗಿಡ ಬಂದರೆ ಆಶ್ಚರ್ಯವಿಲ್ಲ.

ಸದ್ಯಕ್ಕೆ ತಲೆಬರಹದಲ್ಲಿ ‘ನೈದಿಲೆ’ ಎಂದೇ ಇಟ್ಟು, ಮೊದಲ ವಾಕ್ಯದಲ್ಲಿಯೇ ‘ಮಲಯಾಳದಲ್ಲಿ ಆಂಬಲ್ ಎನ್ನುವ ಗಿಡ’ ಎಂದು ತಿಳಿಸಿ, ಸೀಳಿದ ಎಲೆಯ ಚಿತ್ರವನ್ನು ಕೊಡಬೇಕೆಂದಿದ್ದೇನೆ. ನೈದಿಲೆಯನ್ನು ಕೈಬಿಟ್ಟು ಆಂಬಲ್ ಎಂದಷ್ಟೇ ಬರೆಯಿರಿ ಎಂಬ ಸಲಹೆಯೂ ಬಂದಿದೆ. ಕಣ್ಣೆದುರಿಗೆ ಹೂವಿರುವಾಗ ಅದರ ಕನ್ನಡದ ಹೆಸರನ್ನು ಮಕ್ಕಳಿಗೆ ಕಲಿಸದೆ ಬಿಡಲು ನನಗೆ ಮನಸ್ಸು ಬಾರದು.

ನನ್ನ ಪ್ರಶ್ನೆಗಳು ಇಷ್ಟು: ನೈದಿಲೆ ಎಂಬ ಪದ ಯಾವ ಸೀಮೆಯಲ್ಲಾದರೂ ಈಗಲೂ ಆಡುಮಾತಿನಲ್ಲಿ ಜೀವಂತವಾಗಿದೆಯೇ? ಇದ್ದರೆ ಅಲ್ಲಿಯವರು ಯಾವ ಬಣ್ಣದ, ಯಾವ ಹೊತ್ತಿಗೆ ಅರಳುವ ಹೂವನ್ನು ಹಾಗೆ ಕರೆಯುತ್ತಾರೆ? ಎಳೆಯೆಸಳಿನ ಆ ಪುಟ್ಟ ಬಿಳಿ ಹೂವಿಗೆ ಕನ್ನಡದಲ್ಲಿ ಬೇರೆ ಹೆಸರಿದೆಯೇ?