ರೇಯಿಸ್ ಮಾಗೋಸ್ ಕೋಟೆಗೆ ಶಾಲಾ ಮಕ್ಕಳು: ಬಲ್ಲವರು ತಿಳಿಸಿ

ಕೇಳಿದವರು, ತೀರ್ಥಹಳ್ಳಿ ಕಡೆಯ ಚಿತ್ರಕಲಾ ಶಿಕ್ಷಕರು: ಒಂಬತ್ತನೇ ತರಗತಿಯ 25 ಮಕ್ಕಳಿಗೆ ಗೋವಾದ ರೇಯಿಸ್ ಮಾಗೋಸ್ ಕೋಟೆ ತೋರಿಸಬೇಕೆಂದಿದೆ. ಹಳೆಯ ಸೈನಿಕ ಕೋಟೆ ಈಗ ಕಲೆಯ ತಾಣವಾಗಿದೆ, ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಚಿತ್ರಗಳಿವೆ ಎಂದು ಗೊತ್ತು. ದಾರಿ ಹೇಗೆ, ಒಳಗೆ ಏನನ್ನು ನಿಂತು ನೋಡಬೇಕು?

ಸಾಗರದಿಂದ ಒಬ್ಬರ ಉತ್ತರ: ಸೋಮವಾರ ಕೋಟೆಗೆ ರಜೆ, ಅದನ್ನು ಬಿಟ್ಟು ದಿನ ಗೊತ್ತುಮಾಡಿ. ಸಾಗರದಿಂದ ಜೋಗದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ ಸುಮಾರು 90 ಕಿ.ಮೀ. ಅಲ್ಲಿಂದ ಕಾರವಾರ ಹೆಚ್ಚುಕಡಿಮೆ ಅಷ್ಟೇ, ಕಾರವಾರದಿಂದ ಪಣಜಿ ನೂರರ ಆಸುಪಾಸು. ಒಂದೇ ಓಟದಲ್ಲಿ ಹೋದರೆ ಕೋಟೆ ಹತ್ತುವುದು ನಡುಮಧ್ಯಾಹ್ನಕ್ಕೆ. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾದ ಮಕ್ಕಳು ಚಿತ್ರ ನೋಡುವುದಿಲ್ಲ. ಕಾರವಾರದಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಆರೂವರೆಗೆ ಹೊರಡಿ.

ಡ್ರೈವರಿಗೆ ಬರೀ ‘ಕೋಟೆ’ ಎಂದರೆ ಹತ್ತಿರದ ಇನ್ನೊಂದು ಕೋಟೆ ಅಗ್ವಾಡಕ್ಕೆ ಹೋಗಿ ನಿಲ್ಲಿಸುತ್ತಾರೆ. ‘ವೆರೆಂ ಊರು, ರೇಯಿಸ್ ಮಾಗೋಸ್ ಚರ್ಚು’ ಎನ್ನಿ. ಚರ್ಚಿನ ಬೆನ್ನಿಗೇ ಕೋಟೆ. ಬಸ್ಸು ಮಾಂಡವಿ ನದಿಯ ಸೇತುವೆ ಸುತ್ತಿ ಬರಲಿ, ಮಕ್ಕಳನ್ನು ಪಣಜಿಯಿಂದ ಎದುರು ದಡದ ಬೆತಿಂಗೆ ಫೆರ್ರಿಯಲ್ಲಿ ದಾಟಿಸಿ. ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚು ಕಂಡ ಮಕ್ಕಳಿಗೆ ಹೊಸದೇನಲ್ಲ, ಆದರೆ ನದಿ ಎಷ್ಟು ಅಗಲ, ಕೋಟೆ ಯಾವುದನ್ನು ಕಾಯುತ್ತಿತ್ತು ಎಂಬುದು ನೀರಿನ ಮೇಲೆಯೇ ತಿಳಿಯುತ್ತದೆ. ಜನವರಿ 6ರಂದು ಆ ಚರ್ಚಿನ ಹಬ್ಬ. ಕಿರಿದಾದ ರಸ್ತೆ, ಬಸ್ಸು ತಿರುಗಿಸಲು ಜಾಗವಿರುವುದಿಲ್ಲ. ಆ ದಿನ ಬೇಡ.

ಹೊಸನಗರದಿಂದ: ಮೇಷ್ಟ್ರೇ, ಗೋವಾಕ್ಕೆ ಮುಂಚೆ ಅರ್ಧ ದಿನ ನಮ್ಮ ತಾಲ್ಲೂಕಿನ ನಗರ ಎಂಬ ಊರಿನ (ಹಳೆಯ ಬಿದನೂರು) ಕೋಟೆಗೆ ಕರೆದುಕೊಂಡು ಬನ್ನಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಎರಡೂ ಕಡೆ ಜಂಬಿಟ್ಟಿಗೆ ಕಲ್ಲು, ಎರಡೂ ಕಡೆ ಜಡಿಮಳೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು 1763ರಲ್ಲಿ ಹೈದರಾಲಿಯ ಪಾಲಾಯಿತು. ರೇಯಿಸ್ ಮಾಗೋಸನ್ನು ಪೋರ್ಚುಗೀಸರು ಕಟ್ಟಿದ್ದು 1551ರಲ್ಲಿ, ದೊಡ್ಡದು ಮಾಡಿದ್ದು 1707ರಲ್ಲಿ. ಆಮೇಲೆ ಅದು ಜೈಲಾಯಿತು, 1993ರವರೆಗೂ ಜೈಲಾಗಿಯೇ ಇತ್ತು. ವಾಸ್ತುಶಿಲ್ಪಿ ಜೆರಾರ್ಡ್ ದ ಕುನ್ಹಾ ನೇತೃತ್ವದಲ್ಲಿ ದುರಸ್ತಿಯಾಗಿ 2012ರಲ್ಲಿ ಜನರಿಗೆ ತೆರೆಯಿತು. ಹಣ ಕೊಟ್ಟಿದ್ದು ಹೆಲೆನ್ ಹ್ಯಾಮ್ಲಿನ್ ಟ್ರಸ್ಟ್. ಇನ್‌ಟ್ಯಾಕ್ (ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಸ್ಥೆ) ಮತ್ತು ಗೋವಾ ಸರ್ಕಾರ ಜೊತೆಗಿದ್ದವು.

ನಗರದ ಕೋಟೆಯಲ್ಲಿ ಮಕ್ಕಳಿಗೆ ಗೋಡೆಯ ಸಂದು ತೋರಿಸಿ. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ನೀರು ಕುಡಿಯುತ್ತದೆ. ಒಣಗಲು ಗಾಳಿ ಬೇಕು. ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರದೆ ಕಲ್ಲೇ ಪುಡಿಯಾಗಿ, ಗಾರೆ ಹಕ್ಕಳೆ ಹಕ್ಕಳೆಯಾಗಿ ಕಳಚುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ, ಅದಕ್ಕೇ ಹಳೆಯ ಗೋಡೆಗೆ ಅದೇ ಸರಿ. ಇನ್ನು ಸಂದಿನಲ್ಲಿ ಬೇರೂರಿದ ಅರಳಿ, ಆಲದ ಸಸಿ: ಎಳೆಯದಿದ್ದಾಗ ತೆಗೆಯದಿದ್ದರೆ ಬೇರು ದಪ್ಪವಾಗಿ ಕಲ್ಲನ್ನು ಹೊರದಬ್ಬುತ್ತದೆ, ಆಗ ಎಳೆದು ಕಿತ್ತರೆ ಗೋಡೆಯೂ ಬರುತ್ತದೆ. ಇಷ್ಟು ಕಂಡ ಮಕ್ಕಳು ರೇಯಿಸ್ ಮಾಗೋಸಿನಲ್ಲಿ ಗೋಡೆಯನ್ನೂ ಚಿತ್ರದಷ್ಟೇ ಗಮನವಿಟ್ಟು ನೋಡುತ್ತಾರೆ. ಅಲ್ಲಿ ಬಾಗಿಲ ಮೇಲಿನ ರಂಧ್ರ ಕೇಳಿ ತೋರಿಸಿ. ನುಗ್ಗಿದವರ ಮೇಲೆ ಕಾದ ಎಣ್ಣೆ ಸುರಿಯಲು ಮಾಡಿದ್ದದು. ಮೂಲೆಯ ದುಂಡು ಕಾವಲುಗೂಡುಗಳನ್ನು ಹೊರಗಿನಿಂದ ಬರೆಸಿ.

ಹೆಗ್ಗೋಡಿನಿಂದ: ಮಾರಿಯೋ ಗ್ಯಾಲರಿಗೆ ಕನಿಷ್ಠ ಒಂದೂವರೆ ಗಂಟೆ ಇಡಿ. 25 ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಮುಂದಿನವರ ತಲೆಯೇ ಕಾಣುವುದು. ಐದೈದರ ಗುಂಪು ಮಾಡಿ, ಒಂದು ಗುಂಪಿಗೆ ಒಂದು ಚಿತ್ರ, ಹತ್ತು ನಿಮಿಷ. ಮಾರಿಯೋ ಅವರ ಸಂತೆ, ಮದುವೆ, ಬೀದಿ ಚಿತ್ರಗಳು ಜನದಿಂದ ಕಿಕ್ಕಿರಿದಿರುತ್ತವೆ. ಗಮನಿಸಬೇಕಾದ್ದು ಮೂರು: ನೆರಳನ್ನು ಅಡ್ಡ-ಉದ್ದ ಗೆರೆಗಳಿಂದಲೇ ತರುವ ಬಗೆ, ಎಲ್ಲಿ ಬಿಳಿ ಹಾಳೆ ಹಾಗೇ ಉಳಿದಿದೆ, ಯಾವ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಆಮೇಲೆ ಬಯಲಿಗೆ ಬಂದು ಅದೇ ಗೆರೆಯಲ್ಲಿ ಕೋಟೆಯ ಒಂದು ಮೂಲೆ. ನದಿಗಾಳಿಗೆ ಹಾಳೆ ಹಾರುತ್ತದೆ. ರಟ್ಟು, ಎರಡೆರಡು ಕ್ಲಿಪ್ಪು, 2ಬಿ ಪೆನ್ಸಿಲ್, ನೀರಿಗೆ ಕದಡದ ಕಪ್ಪು ಪೆನ್ನು ಸಾಕು. ಜಲವರ್ಣ, ಮಸಿ ಬಾಟಲಿ ಬಸ್ಸಿನಲ್ಲೇ ಇರಲಿ. ಸ್ವಾತಂತ್ರ್ಯ ಹೋರಾಟಗಾರರ ಕೋಣೆಯನ್ನು ಬಿಡಬೇಡಿ.

ಕೇಳಿದವರು: ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಹೋದರೆ?

ಸಾಗರದಿಂದ: ಬೇಡ ಸರ್. ಘಟ್ಟದಲ್ಲಿ ಗುಡ್ಡ ಜರಿಯುವ ಕಾಲ, ಮೇಲಾಗಿ ಹಾವಸೆ ಹಿಡಿದ ಜಂಬಿಟ್ಟಿಗೆ ಮೆಟ್ಟಿಲಿನಲ್ಲಿ ಕಾಲು ನಿಲ್ಲುವುದಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ 20ರೊಳಗೆ ಮುಗಿಸಿ, ಆಮೇಲೆ ವರ್ಷಾಂತ್ಯದ ನೂಕುನುಗ್ಗಲು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ಹೊರರಾಜ್ಯ ಪರ್ಮಿಟ್ ಮೂರನ್ನೂ ತಿಂಗಳ ಮುಂಚೆ ಶುರುಮಾಡಿ. ತಡವಾಗುವುದು ಸಾಮಾನ್ಯವಾಗಿ ಪರ್ಮಿಟ್ಟೇ.

ಹೊಸನಗರದಿಂದ: ಗಟ್ಟಿ ಹಿಡಿತದ ಚಪ್ಪಲಿ, ತಲೆಗೆ ಟೋಪಿ, ಒಬ್ಬೊಬ್ಬರಿಗೂ ಒಂದು ಲೀಟರ್ ನೀರು. ಫಿರಂಗಿ ಇಟ್ಟ ಅಂಚಿನ ಗೋಡೆ ಹತ್ತಲು ಯಾರನ್ನೂ ಬಿಡಬೇಡಿ, ಅಲ್ಲಿಗೆ ಒಬ್ಬ ಶಿಕ್ಷಕರನ್ನು ನಿಲ್ಲಿಸಿಯೇ ಮಕ್ಕಳನ್ನು ಮೇಲೆ ಕಳಿಸಿ.