ದೋಸೆಗೊಂದು ‘ಈಸ್‌ಇಡ್ಲಿ’

ದರ್ಶಿನಿಯ ಮುಂದೆ ಬೈಟು ಕಾಫಿ ಹೀರುತ್ತಾ ಮಂಜ ಬಿಲ್ ಚೀಟಿಯ ಹಿಂದೆ ಚೌಕ ಎಳೆಯತೊಡಗಿದ. ನಾವು ಮೂವರು ಕಟ್ಟುತ್ತಿದ್ದ ಬಸ್ ಬುಕಿಂಗ್ ಆ್ಯಪಿನ ಸ್ಕ್ರೀನು.

‘ಇದು ಹೆಡರ್, ಇದು ಬಸ್ ಪಟ್ಟಿ. ಒಂದೊಂದು ಬಸ್ಸಿಗೂ ಒಂದು ಕಾರ್ಡ್. ಬರೆಯೋದು ಒಂದ್ಸಲ, ಬಳಸೋದು ನಲವತ್ತು ಕಡೆ. ಇಂಥ ತುಂಡೇ ಕಾಂಪೊನೆಂಟ್.’

‘ಬಟನ್ನು?’ ಶೈಲಾ ಕೇಳಿದಳು.

‘ಅದೇನು ಮಹಾ! ಹತ್ತು ನಿಮಿಷದ ಕೆಲಸ.’

ನಾವಿಬ್ಬರೂ ನಕ್ಕೆವು. ಹೋದ ಪ್ರಾಜೆಕ್ಟಿನಲ್ಲೂ ಹತ್ತೇ ನಿಮಿಷ ಅಂದಿದ್ದ. ಕೊನೆಗೆ ಆ ಬಟನ್ನಿಗೆ 23 ಪ್ರಾಪ್ಸ್, ಅಂದರೆ ಹೀಗಿರು ಹಾಗಿರು ಅಂತ ಹೊರಗಿನಿಂದ ಕೊಡುವ ಸೂಚನೆಗಳು. ಜೊತೆಗೆ ‘ಬಟನ್‌2’, ‘ಬಟನ್‌ಫೈನಲ್’ ಅಂತ ತಮ್ಮಂದಿರು ಬೇರೆ.

‘ನಗಿ, ನಗಿ. 2013ರಲ್ಲಿ ಫೇಸ್‌ಬುಕ್‌ನವರು ಇಂಥ ತುಂಡುಗಳಿಂದ ಸ್ಕ್ರೀನು ಕಟ್ಟೋ ರಿಯಾಕ್ಟ್ ಬಿಟ್ಟಾಗ, ಪುಟ ನಡೆಸೋ ಜಾವಾಸ್ಕ್ರಿಪ್ಟ್ ಒಳಗೇ ಪುಟದ ರಚನೆ ಹೇಳೋ ಎಚ್‌ಟಿಎಂಎಲ್ ಥರದ್ದು ಬರೆಯೋದು ನೋಡಿ ಜನ ಹೀಗೇ ನಕ್ಕಿದ್ರು.’

ಶೈಲಾ ಕಾವಲಿಯ ಕಡೆ ಕೈ ತೋರಿಸಿದಳು. ‘ಅಲ್ನೋಡೋ. ಹಿಟ್ಟು ಒಂದೇ. ಬೆಣ್ಣೆ ಬೇಕಾ, ಕೆಂಪು ಚಟ್ನಿ ಸವರಬೇಕಾ, ಅದು ಪ್ರಾಪ್ಸ್. ಒಳಗಿಡೋ ಪಲ್ಯ ಚಿಲ್ಡ್ರನ್. ಯಾರೋ ಇಡ್ಲಿ ಕೇಳಿದ್ರು ಅಂತ ದೋಸೆಗೇ ‘ಈಸ್‌ಇಡ್ಲಿ’ (ಇದು ಇಡ್ಲಿನಾ?) ಅನ್ನೋ ಪ್ರಾಪ್ ಹಚ್ತಾರಾ? ನೀನು ಹಚ್ಚಿದ್ದೆ!’

ಮಂಜ ಮಾತು ಬದಲಿಸಿದ. ‘ಸರಿ ಮಾರಾಯ್ತಿ, ಎಷ್ಟು ಸೀಟು ಆರಿಸಿದಾರೆ ಅನ್ನೋ ಲೆಕ್ಕ ಕಾರ್ಡಲ್ಲೇ ಇರಲಿ.’

‘ಕೆಳಗಿನ ಬಿಲ್ ಪಟ್ಟಿಗೂ ಅದೇ ಲೆಕ್ಕ ಬೇಕಲ್ವಾ?’ ಅಂದೆ.

‘ಅಲ್ಲೂ ಒಂದು ಇಟ್ರಾಯ್ತು.’

‘ದೋಸೆ ಹುಯ್ಯೋನೂ ಕ್ಯಾಷಿಯರೂ ಬೇರೆಬೇರೆ ಲೆಕ್ಕ ಇಟ್ರೆ ಸಂಜೆ ಜಗಳ ಗ್ಯಾರಂಟಿ. ಸ್ಟೇಟ್, ಅಂದ್ರೆ ಬದಲಾಗ್ತಾ ಇರೋ ಲೆಕ್ಕ, ಒಂದೇ ಕಡೆ ಇರಲಿ, ಇಬ್ಬರಿಗೂ ಮೇಲಿರೋ ಪೇರೆಂಟ್ ಕಾಂಪೊನೆಂಟ್ ಹತ್ರ. ಕೆಳಗಿನವರಿಗೆ ಪ್ರಾಪ್ಸ್ ಆಗಿ ಇಳಿಸು.’

ಮುಂದಿನ ವಾರ ಡೆಮೊ. ಇಂಗ್ಲಿಷಿನಲ್ಲಿ ಎಲ್ಲಾ ಸೊಗಸಾಗಿತ್ತು. ಮ್ಯಾನೇಜರು ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದರು. ಬಟನ್ ಮೇಲೆ ‘ರದುಮಾಡಿ’. ಪಕ್ಕದ್ದು ‘ಹಿಂದಕೆ’.

‘ಒತ್ತಕ್ಷರ ಎಲ್ರೀ?’

ಬಟನ್ನಿನ ಎತ್ತರ ಬಿಗಿಯಾಗಿ 32 ಪಿಕ್ಸೆಲ್, ಅಕ್ಷರ ದೊಡ್ಡದು, ಲೈನ್‌ಹೈಟ್ (ಸಾಲಿನ ಎತ್ತರ) ಅಕ್ಷರದ ಅಳತೆಯಷ್ಟೇ, ಅಂದರೆ 1, ಮೇಲೆ ಓವರ್‌ಫ್ಲೋ ಹಿಡನ್, ಅಂದರೆ ಚೌಕ ಮೀರಿದ್ದು ಕಾಣದು. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು. ನಮ್ಮ ಒತ್ತು ಪಾಪ, ಕೆಳಗೆ ಇಳಿಯುವಷ್ಟರಲ್ಲಿ ಕುತ್ತಿಗೆಗೆ ಕತ್ತರಿ.

ಮಂಜ ಎದೆಯುಬ್ಬಿಸಿದ. ‘ಕಾಂಪೊನೆಂಟ್ ಮಾಡಿದ್ದೇ ಇದಕ್ಕೆ ಸಾರ್!’ ಬಿಗಿ ಎತ್ತರ ತೆಗೆದು ಮಿನ್‌ಹೈಟ್ (ಕನಿಷ್ಠ ಎತ್ತರ) ಹಾಕಿದ, ಲೈನ್‌ಹೈಟ್ 1.6 ಮಾಡಿದ, ಮೇಲೆ ಕೆಳಗೆ ಸ್ವಲ್ಪ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟ. ಒಂದೇ ಫೈಲು. ನಲವತ್ತು ಕಡೆಯೂ ಒತ್ತು ವಾಪಸ್ ಬಂತು.

ಹಣ ಕಟ್ಟುವ ಪುಟದಲ್ಲಿ ಮಾತ್ರ ಇನ್ನೂ ‘ರದುಮಾಡಿ’ ಅಂತಲೇ ಇತ್ತು. ಶೈಲಾ ಫೈಲು ತೆರೆದಳು. ಮೊದಲ ಸಾಲಿನಲ್ಲೇ ಕೂತಿತ್ತು: ‘ಬಟನ್‌ಫೈನಲ್‌2’.